ಹಿಮ್ಮೇಳಕ್ಕೊಂದು ಬಿಳಿ ನಿಲುವಂಗಿ

ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳಲ್ಲೂ ಶುಭಾಶಯದ ಕಾರ್ಡುಗಳಲ್ಲೂ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಎಂಟು ಹತ್ತು ವರ್ಷದ ಹುಡುಗರ ಸಾಲು; ಪಾದದವರೆಗೆ ಇಳಿದ ಕೆಂಪು ಅಥವಾ ಕಪ್ಪು ನಿಲುವಂಗಿ, ಅದರ ಮೇಲೆ ಅಗಲ ತೋಳಿನ ಬಿಳಿಯ ಮೇಲಂಗಿ, ಕತ್ತಿನ ಸುತ್ತ ನೆರಿಗೆ ಹಿಡಿದ ಬಿಳಿಯ ಪಟ್ಟಿ, ಕೈಯಲ್ಲಿ ಮೇಣದ ಬತ್ತಿ. ಇದನ್ನು ನೋಡಿದವರಿಗೆ, ಇಗರ್ಜಿಗಳು ಹುಟ್ಟಿದಂದಿನಿಂದಲೂ ಅಲ್ಲಿನ ಹಾಡುಗಾರರು ಹೀಗೆಯೇ ಬಟ್ಟೆ ತೊಟ್ಟು ಬಂದಿದ್ದಾರೆಂದು ತೋರುವುದು ಸಹಜ. ಆದರೆ ಸಂಗತಿ ಹಾಗಿಲ್ಲ. ಈ ಬಿಳಿಯ ಅಂಗಿಯ ದೆಸೆಯಿಂದ ಇಂಗ್ಲೆಂಡಿನಲ್ಲಿ ಪಾದ್ರಿಗಳು ವೃತ್ತಿ ಕಳೆದುಕೊಂಡಿದ್ದಾರೆ, ಬೀದಿಗಳಲ್ಲಿ ದೊಂಬಿಯಾಗಿದೆ, ಪಾರ್ಲಿಮೆಂಟು ಕಾನೂನು ಮಾಡಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಹಾಡಬಲ್ಲವರು ಯಾರು, ಹಾಡಬಾರದವರು ಯಾರು ಎಂಬುದನ್ನು ಈ ಅಂಗಿ ಬಹುಕಾಲ ತೀರ್ಮಾನಿಸಿದೆ.

ಆ ಮೇಲಂಗಿಯ ಹೆಸರು ಸರ್ಪ್ಲಿಸ್. ಲ್ಯಾಟಿನ್ ಭಾಷೆಯ ‘ಸೂಪರ್‌ಪೆಲ್ಲಿಸಿಯಮ್’ ಎಂಬ ಮಾತಿನಿಂದ ಬಂದದ್ದು. ತುಪ್ಪುಳ ಚರ್ಮದ ಮೇಲೆ ಹಾಕಿಕೊಳ್ಳುವುದು ಎಂದು ಅರ್ಥ. ಉತ್ತರ ಯುರೋಪಿನ ಕಲ್ಲಿನ ಇಗರ್ಜಿಗಳಲ್ಲಿ ಚಳಿಗಾಲದ ನಡುರಾತ್ರಿ ಎದ್ದು ಪ್ರಾರ್ಥನೆ ಹಾಡಬೇಕಾಗಿದ್ದ ಸಂನ್ಯಾಸಿಗಳು ತುಪ್ಪುಳದ ಕೋಟು ತೊಡುತ್ತಿದ್ದರು. ಆ ದಪ್ಪ ಕೋಟಿನ ಮೇಲೆ ಪೂಜೆಗೆ ತಕ್ಕ ಬಿಳಿಯ ನಾರುಬಟ್ಟೆ ತೊಡಬೇಕಾದರೆ ಅದು ಬಹಳ ಅಗಲವಾಗಿರಬೇಕಲ್ಲವೆ? ಹನ್ನೊಂದನೆಯ ಶತಮಾನದ ಸುಮಾರಿಗೆ ಹುಟ್ಟಿದ ಈ ಅಂಗಿಯ ವಿಶಾಲವಾದ ತೋಳಿಗೆ ಕಾರಣ ಇಷ್ಟೇ. ತುಪ್ಪುಳದ ಕೋಟು ಕಾಲಕ್ರಮದಲ್ಲಿ ಹೋಯಿತು, ಮೇಲಿನ ಬಟ್ಟೆ ಉಳಿಯಿತು. ಚಳಿಗೆಂದು ಹುಟ್ಟಿದ್ದು ಶುದ್ಧಿಯ ಗುರುತಾಯಿತು. ನಮ್ಮ ಮಡಿಬಟ್ಟೆಗೂ ಇಂಥ ಯಾವುದೋ ಮರೆತುಹೋದ ಕಾರಣ ಇದ್ದರೂ ಇರಬಹುದು.

ಧರ್ಮಸುಧಾರಣೆಯ ನಂತರ ಇಂಗ್ಲೆಂಡು ಪೋಪರ ಅಧೀನದಿಂದ ಬಿಡಿಸಿಕೊಂಡಾಗ ಜಗಳ ಶುರುವಾದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಬಟ್ಟೆಯ ಮೇಲೆ. ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪಂಥದವರಿಗೆ ಸರ್ಪ್ಲಿಸ್ ಎಂದರೆ ರೋಮಿನ ಚಿಂದಿ. ಎಲಿಜಬೆತ್ ರಾಣಿಗೆ ಅದು ರಾಜಾಜ್ಞೆಯ ಮಾತು. 1566ನೆಯ ಮಾರ್ಚ್ 26ರಂದು ಆರ್ಚ್‌ಬಿಷಪ್ ಪಾರ್ಕರರು ಲಂಡನ್ನಿನ ಪಾದ್ರಿಗಳನ್ನು ಲ್ಯಾಂಬೆತ್ ಅರಮನೆಗೆ ಕರೆಸಿಕೊಂಡರು. ಸುಮಾರು 110 ಮಂದಿ ಬಂದಿದ್ದರು. ಅವರ ಮುಂದೆ ರಾಬರ್ಟ್ ಕೋಲ್ ಎಂಬ ಪಾದ್ರಿಯನ್ನು, ಅಂಗಡಿಯ ಮುಂದೆ ಬಟ್ಟೆ ತೊಡಿಸಿ ನಿಲ್ಲಿಸಿದ ಬೊಂಬೆಯಂತೆ, ನಿಯಮಾನುಸಾರ ಸಿಂಗರಿಸಿ ನಿಲ್ಲಿಸಲಾಗಿತ್ತು. ಇವನಂತೆ ತೊಡುವುದಕ್ಕೆ ಒಪ್ಪಿಗೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಬರೆದು ರುಜು ಹಾಕಿ ಎಂದು ಅಪ್ಪಣೆಯಾಯಿತು. ವಾದಕ್ಕೆ ಅವಕಾಶವಿಲ್ಲ. 37 ಮಂದಿ ಇಲ್ಲವೆಂದು ಬರೆದರು. ಅವರನ್ನೆಲ್ಲ ಕೆಲಸದಿಂದ ಅಮಾನತು ಮಾಡಲಾಯಿತು. ಈ ಕೋಲ್ ಸಹ ಮೊದಲು ಬಟ್ಟೆಗೆ ವಿರೋಧಿಯಾಗಿದ್ದವನೇ ಎಂಬುದು ಈ ಪ್ರಸಂಗದ ವಿನೋದ.

1604ರ ನಿಯಮಾವಳಿಯಲ್ಲಿ, ಪ್ರಾರ್ಥನೆ ನಡೆಸುವ ಪಾದ್ರಿ ತೋಳಿರುವ ಯೋಗ್ಯವಾದ ಸರ್ಪ್ಲಿಸ್ ತೊಡಬೇಕೆಂದೂ ಅದರ ಖರ್ಚನ್ನು ಆಯಾ ಊರಿನವರು ಭರಿಸಬೇಕೆಂದೂ ಬರೆದಿಟ್ಟರು. ಖರ್ಚಿನ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನಲವತ್ತು ವರ್ಷ ಕಳೆಯುವುದರೊಳಗೆ ಗಾಳಿ ತಿರುಗಿತು. ರಾಜನೊಡನೆ ಯುದ್ಧಕ್ಕೆ ನಿಂತಿದ್ದ ಪಾರ್ಲಿಮೆಂಟು 1644ರ ಮೇ ತಿಂಗಳಲ್ಲಿ ಇಗರ್ಜಿಗಳಿಂದ ಆರ್ಗನ್ನುಗಳನ್ನೂ ಸರ್ಪ್ಲಿಸ್‌ಗಳನ್ನೂ ತೆಗೆದುಹಾಕುವಂತೆ ಆಜ್ಞೆ ಹೊರಡಿಸಿತು. ಗಾಯಕವೃಂದಗಳು ಚದುರಿಹೋದವು. 1660ರಲ್ಲಿ ಎರಡನೆಯ ಚಾರ್ಲ್ಸ್ ಮರಳಿ ಬಂದ ಮೇಲೆ, ಜುಲೈ 8ರಂದು, ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಅರಮನೆಯ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದ. ಆರ್ಗನ್ನಿನ ನಾದವನ್ನೂ ಸರ್ಪ್ಲಿಸ್ ತೊಟ್ಟವರ ಹಾಡನ್ನೂ ತಾನು ಕೇಳಿದ ನೆನಪು ಜೀವಮಾನದಲ್ಲಿ ಇದೇ ಮೊದಲೆಂದು ಬರೆದುಕೊಂಡ. ಅವನಿಗೆ ಆಗ ಇಪ್ಪತ್ತೇಳು ವರ್ಷ. ಒಂದು ತಲೆಮಾರಿನ ಕಿವಿಯಿಂದಲೂ ಕಣ್ಣಿಂದಲೂ ಒಂದು ಪದ್ಧತಿಯನ್ನು ಅಳಿಸಿಹಾಕಲು ಹದಿನಾರು ವರ್ಷ ಸಾಕಾಗಿತ್ತು.

ಮರಳಿ ಬಂದ ಬಿಳಿಯ ಅಂಗಿ ದೊಡ್ಡ ಕೆಥೀಡ್ರಲ್‌ಗಳಿಗೆ, ಅರಮನೆಗೆ, ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಬಂತು. ಹಳ್ಳಿಗಳಲ್ಲಿ ಅದನ್ನು ಹಾಡುಗಾರರು ತೊಡಲಿಲ್ಲ, ಪಾದ್ರಿ ಮಾತ್ರ ತೊಟ್ಟ. ಇನ್ನು ಮೇಲೆ ಹೇಳುವುದು ಈ ಹಳ್ಳಿಯ ಹಾಡುಗಾರರ ವಿಷಯ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದೇ ಮುಖ್ಯ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಹಳ್ಳಿಯ ಇಗರ್ಜಿಯಲ್ಲಿ ಹಾಡುಗಾರರ ಜಾಗ ಹಿಂದುಗಡೆ, ಪಶ್ಚಿಮ ಗೋಡೆಗೆ ತಗುಲಿಸಿದ ಮರದ ಅಟ್ಟದ ಮೇಲೆ. ಬಡಗಿ, ಚಮ್ಮಾರ, ಗಾರೆಕೆಲಸದವನು, ಅವರ ಹೆಂಡಿರು ಮಕ್ಕಳು ಅಲ್ಲಿ ಸೇರುತ್ತಿದ್ದರು. ಪಿಟೀಲು, ಕ್ಲಾರಿಯೊನೆಟ್, ದಪ್ಪ ದನಿಯ ಸೆಲ್ಲೊ ಮುಂತಾದ ವಾದ್ಯಗಳು. ಭಕ್ತರೆಲ್ಲ ವೇದಿಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದರಾದ್ದರಿಂದ ಹಾಡುವವರು ಕಣ್ಣಿಗೆ ಬೀಳುತ್ತಿರಲಿಲ್ಲ. ಎಷ್ಟೋ ಕಡೆ ಹಾಡು ಶುರುವಾದಾಗ ಜನರೆಲ್ಲ ಎದ್ದು ಹಿಂದಕ್ಕೆ ತಿರುಗಿ ನಿಲ್ಲುವ ರೂಢಿಯಿತ್ತು. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ಅದು ನಿಜವಾದ ಹಿಮ್ಮೇಳ. ಭಾಗವತರಿಗೂ ಮದ್ದಳೆಯವರಿಗೂ ಕಿರೀಟ ಭುಜಕೀರ್ತಿಗಳಿಲ್ಲ, ವೇಷವೆಲ್ಲ ಮುಮ್ಮೇಳದವರಿಗೆ. ಹಾಗೆಯೇ ಈ ಅಟ್ಟದ ಹಾಡುಗಾರರು ತಮ್ಮ ತಮ್ಮ ಭಾನುವಾರದ ಬಟ್ಟೆಯಲ್ಲೇ ಬಂದು ಹಾಡಿ ಹೋಗುತ್ತಿದ್ದರು. ಒಬ್ಬನದು ತೇಪೆ ಹಾಕಿದ ಕೋಟು, ಇನ್ನೊಬ್ಬನದು ಹೊಲದಲ್ಲಿ ತೊಡುವ ನಿಲುವಂಗಿ. ಯಾರೂ ನೋಡುವವರಿಲ್ಲ. ಕಾದಂಬರಿಕಾರ ಥಾಮಸ್ ಹಾರ್ಡಿಯ ಅಜ್ಜನೂ ತಂದೆಯೂ ಸ್ಟಿನ್ಸ್‌ಫರ್ಡ್ ಎಂಬ ಊರಿನ ಇಗರ್ಜಿಯಲ್ಲಿ ಇಂಥ ವಾದ್ಯಗಾರರು. ಆ ಮೇಳ ಮುರಿದುಬಿದ್ದ ಕಥೆಯೇ 1872ರಲ್ಲಿ ಅವನು ಬರೆದ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಕಾದಂಬರಿಗೆ ಮೂಲ. ಅಲ್ಲಿ ಪಿಟೀಲಿನವರನ್ನು ಹೊರಗೆ ಹಾಕುವುದು ಹೊಸದಾಗಿ ಬಂದ ಆರ್ಗನ್ನು.

ಹೊರಗೆ ಹಾಕಿದ ಇನ್ನೊಂದು ವಸ್ತು ನಮ್ಮ ಬಿಳಿಯ ಅಂಗಿ. 1837ರಲ್ಲಿ ವಾಲ್ಟರ್ ಹುಕ್ ಎಂಬ ಪಾದ್ರಿ ಗಿರಣಿಗಳ ಊರಾದ ಲೀಡ್ಸ್‌ಗೆ ಬಂದ. ಇಗರ್ಜಿಯ ಪೆಟ್ಟಿಗೆ ತೆರೆದು ನೋಡಿದರೆ ಸರ್ಪ್ಲಿಸ್‌ಗಳು ಚಿಂದಿ, ಪ್ರಾರ್ಥನಾ ಪುಸ್ತಕಗಳು ಹರುಕು. ಊರಿನವರು ಖರ್ಚು ಕೊಡಬೇಕೆಂಬ 1604ರ ನಿಯಮ ಕಾಗದದ ಮೇಲೆ ಇತ್ತು. ಆದರೆ ಇಗರ್ಜಿಯ ಲೆಕ್ಕಪತ್ರ ನೋಡುವ ಧರ್ಮದರ್ಶಿಗಳು ಬೇರೆ ಪಂಥದ ಕಡೆಯವರು. ನಮಗೆ ಬೇಡದ ಅಂಗಿಗೆ ನಾವೇಕೆ ದುಡ್ಡು ಕೊಡಬೇಕು ಎಂದರು. ಹುಕ್ ಛಲಗಾರ. ಹಣ ಕೂಡಿಸಿ ಇಗರ್ಜಿಯನ್ನೇ ಹೊಸದಾಗಿ ಕಟ್ಟಿಸಿದ. 1841ರ ಸೆಪ್ಟೆಂಬರ್ 2ರಂದು ಅದರ ಪ್ರತಿಷ್ಠೆಯಾಯಿತು. ಅಲ್ಲಿ ಹಾಡುಗಾರರು ಹಿಂದಿನ ಅಟ್ಟದಲ್ಲಿಲ್ಲ. ವೇದಿಯ ಮುಂದಿನ ಅಂಕಣದಲ್ಲಿ ಎರಡು ಸಾಲಾಗಿ ಎದುರುಬದುರು ಕುಳಿತಿದ್ದಾರೆ, ಎಲ್ಲರೂ ಗಂಡಸರು ಮತ್ತು ಹುಡುಗರು, ಎಲ್ಲರಿಗೂ ಸರ್ಪ್ಲಿಸ್. ಮರುವರ್ಷ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿಯಂಥ ಸಂಗೀತಗಾರನನ್ನೇ ಅಲ್ಲಿಗೆ ಕರೆತರಲಾಯಿತು. ಮುಂದಿನ ಅರ್ಧ ಶತಮಾನದಲ್ಲಿ ಇಂಗ್ಲೆಂಡಿನ ಊರೂರೂ ಲೀಡ್ಸನ್ನು ಅನುಸರಿಸಿತು. ಅಟ್ಟಗಳನ್ನು ಕಿತ್ತರು. ಹಿಮ್ಮೇಳ ಮುಮ್ಮೇಳಕ್ಕೆ ಬಂತು. ಮುಂದಕ್ಕೆ ಬಂದ ಮೇಲೆ ವೇಷ ಬೇಕಾಯಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆಯೇ ಇದೆಯಲ್ಲ.

ಎಲ್ಲ ಕಡೆಯೂ ಇದು ಸುಲಭವಾಗಿ ನಡೆಯಲಿಲ್ಲ. 1844ರ ಕೊನೆಯಲ್ಲಿ ಎಕ್ಸಿಟರಿನ ಬಿಷಪ್ ಫಿಲ್‌ಪಾಟ್ಸರು ಉಪದೇಶ ಮಾಡುವಾಗಲೂ ಪಾದ್ರಿಗಳು ಕಪ್ಪು ಗೌನಿನ ಬದಲು ಸರ್ಪ್ಲಿಸ್ ತೊಡಬೇಕೆಂದು ಸುತ್ತೋಲೆ ಹೊರಡಿಸಿದರು. ಮುಂದಿನ ಜನವರಿಯಲ್ಲಿ ಆ ಊರಿನ ಸೇಂಟ್ ಸಿಡ್ವೆಲ್ ಇಗರ್ಜಿಯ ಪಾದ್ರಿ ಬಿಳಿಯ ಅಂಗಿಯಲ್ಲಿ ಉಪದೇಶಪೀಠ ಹತ್ತಿದಾಗ ಜನ ಎದ್ದು ಹೊರಗೆ ನಡೆದರು. ಬೀದಿಯಲ್ಲಿ ಕೂಗಾಡುತ್ತ ಮನೆಯವರೆಗೂ ಬೆನ್ನಟ್ಟಿದರು. ಪೊಲೀಸರ ಕಾವಲು ಬೇಕಾಯಿತು. ಬಿಷಪ್ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡರು. 1859-60ರಲ್ಲಿ ಲಂಡನ್ನಿನ ಪೂರ್ವಭಾಗದ ಸೇಂಟ್ ಜಾರ್ಜ್ ಇಗರ್ಜಿಯಲ್ಲಿ ಭಾನುವಾರ ಭಾನುವಾರವೂ ಗದ್ದಲವಾಗಿ ಕೆಲವು ಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ಒಂದು ಅಂಗಿಗೆ ಇಷ್ಟು ರಂಪವೇ ಎಂದು ನಾವು ನಗಬಹುದು. ನಾಮ ಅಡ್ಡವೋ ಉದ್ದವೋ ಎಂದು ನ್ಯಾಯಾಲಯದವರೆಗೆ ಹೋದ ನಾಡಿನವರು ನಾವು. ನಗುವ ಮುಂಚೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಇದೇ ಕಾಲದಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲಿನಲ್ಲಿ ವರ್ಷಕ್ಕೊಮ್ಮೆ ಬೇರೊಂದು ಬಗೆಯ ವೇಷದ ಹಾಡುಗಾರಿಕೆ ನಡೆಯುತ್ತಿತ್ತು. ನಗರದ ಧರ್ಮಶಾಲೆಗಳ ಬಡಮಕ್ಕಳನ್ನು 1782ರಿಂದ 1877ರವರೆಗೆ ಅಲ್ಲಿ ಸೇರಿಸಿ, ಗುಮ್ಮಟದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿ ಹಾಡಿಸುತ್ತಿದ್ದರು. ಒಂದೊಂದು ಶಾಲೆಗೆ ಒಂದೊಂದು ಬಣ್ಣದ ಬಟ್ಟೆ. ಹುಡುಗಿಯರಿಗೆ ಬಿಳಿಯ ಟೊಪ್ಪಿಗೆ. ಇದು ದಾನಿಗಳು ಕೊಟ್ಟ ಬಟ್ಟೆ, ದಾನ ಪಡೆದವರೆಂಬ ಗುರುತೂ ಹೌದು. 1792ರಲ್ಲಿ ಕೇಳಿದ ಹೈಡನ್ ತನ್ನನ್ನು ಇಷ್ಟು ಕಲಕಿದ ಸಂಗೀತ ಬೇರೊಂದಿಲ್ಲ ಎಂಬ ಅರ್ಥದಲ್ಲಿ ಟಿಪ್ಪಣಿ ಮಾಡಿಕೊಂಡ. 1851ರ ಮಹಾ ವಸ್ತುಪ್ರದರ್ಶನದ ವಾದ್ಯಗಳ ಪರೀಕ್ಷಕನಾಗಿ ಬಂದಿದ್ದ ಫ್ರಾನ್ಸಿನ ಎಕ್ಟರ್ ಬೆರ್ಲಿಯೋಜನಿಗೂ ಇದನ್ನು ಕೇಳುವ ಆಸೆ. ಸುಮಾರು 6500 ಮಕ್ಕಳು ಸೇರಿದ್ದರೆಂದು ಅವನು ಬರೆದಿದ್ದಾನೆ. ಆರ್ಗನ್ನಿನ ಪಕ್ಕದಲ್ಲಿ ಕೆಥೀಡ್ರಲಿನ ಗಾಯಕರ ನಡುವೆ ಅವನಿಗೆ ಜಾಗ ಮಾಡಿಕೊಟ್ಟರು, ಆದರೆ ಅಲ್ಲಿ ಕೂರಬೇಕಾದರೆ ಅಲ್ಲಿಯ ಬಟ್ಟೆ ತೊಡಬೇಕು. ಯುರೋಪಿನ ಪ್ರಖ್ಯಾತ ಸಂಗೀತಕಾರ ಸರ್ಪ್ಲಿಸ್ ಹಾಕಿಕೊಂಡು, ಮಂದ್ರದವರ ಹಾಡಿನ ಹಾಳೆ ಹಿಡಿದು ಕುಳಿತ. ಮಕ್ಕಳ ದನಿ ಒಮ್ಮೆಲೇ ಎದ್ದಾಗ ಕಣ್ಣೀರು ತಡೆಯಲಾರದೆ ಆ ಹಾಳೆಯಿಂದಲೇ ಮುಖ ಮುಚ್ಚಿಕೊಂಡನಂತೆ. ದೇವರ ವಿಷಯದಲ್ಲಿ ಅವನಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಬಟ್ಟೆ ಮಾತ್ರ ಸರಿಯಾಗಿಯೇ ಹೊಂದಿರಬೇಕು. ಎಲ್ಲ ಅಳತೆಯವರಿಗೂ ಹೊಂದುವುದು ಸರ್ಪ್ಲಿಸ್‌ನ ದೊಡ್ಡ ಗುಣ.

ಆದರೆ ಅದೇ ಕೆಥೀಡ್ರಲಿನ ಸ್ವಂತ ಗಾಯಕ ಹುಡುಗರ ಪಾಡೇನಿತ್ತು? ಇದನ್ನು ಕೇಳಿದವರು ಮರಿಯಾ ಹ್ಯಾಕೆಟ್ ಎಂಬ ಮಹಿಳೆ. ತಮ್ಮ ಸಂಬಂಧಿಕರ ತಬ್ಬಲಿ ಹುಡುಗನೊಬ್ಬನನ್ನು ಅಲ್ಲಿ ಗಾಯಕನಾಗಿ ಸೇರಿಸಿದ ಮೇಲೆ ಅವರಿಗೆ ಒಳಗಿನ ಸ್ಥಿತಿ ತಿಳಿಯಿತು. ಪ್ರಾರ್ಥನೆಯ ಹೊತ್ತಿಗೆ ಬಿಳಿಯ ಅಂಗಿ ತೊಟ್ಟು ದೇವದೂತರಂತೆ ನಿಲ್ಲುವ ಹುಡುಗರಿಗೆ ಓದು ಬರಹ ಕಲಿಸುವವರಿಲ್ಲ, ಹಗಲೆಲ್ಲ ಬೀದಿಯೇ ಗತಿ. ರಾತ್ರಿ ಸಂಗೀತ ಕಚೇರಿಗಳಿಗೆ ಬಾಡಿಗೆಗೆ ಕಳಿಸುತ್ತಿದ್ದರು. ದುಡ್ಡು ಬೇರೆಯವರಿಗೆ, ಹುಡುಗರು ನಡುರಾತ್ರಿ ಒಬ್ಬೊಬ್ಬರೇ ಮನೆಗೆ ನಡೆದು ಬರಬೇಕು. ಹ್ಯಾಕೆಟ್ ಹಳೆಯ ದಾನಪತ್ರಗಳನ್ನು ಹುಡುಕಿ ಓದಿದರು. ಈ ಹುಡುಗರ ಊಟ, ವಸತಿ, ವಿದ್ಯೆಗಳಿಗೆಂದು ಹಿಂದಿನವರು ಬಿಟ್ಟ ಆಸ್ತಿ ಇದ್ದುದನ್ನು ತೋರಿಸಿ 1811ರಿಂದ ಬಿಷಪ್ಪರಿಗೂ ಕೆಥೀಡ್ರಲಿನ ಅಧಿಕಾರಿಗಳಿಗೂ ಪತ್ರದ ಮೇಲೆ ಪತ್ರ ಬರೆದರು. ಉತ್ತರ ಬರದಿದ್ದರೆ ಇನ್ನೊಂದು ಪತ್ರ. ದೇಶದ ಎಲ್ಲ ಕೆಥೀಡ್ರಲ್‌ಗಳನ್ನೂ ಸುತ್ತಿ ಅಲ್ಲಿನ ಹುಡುಗರ ಸ್ಥಿತಿಯನ್ನು ಕಣ್ಣಾರೆ ಕಂಡು ಬರೆದಿಟ್ಟರು. ಅರವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ನಡೆಯಿತು. ಅವರು 1874ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು. ಸೇಂಟ್ ಪಾಲ್‌ನ ಹುಡುಗರಿಗೆ ಕಾರ್ಟರ್ ಲೇನಿನಲ್ಲಿ ಹೊಸ ಶಾಲೆ ಎದ್ದದ್ದೂ ಆ ವರ್ಷಗಳಲ್ಲೇ. ಹುಡುಗರ ಹಾಡಿನ ಮಾಧುರ್ಯವನ್ನು ಹೊಗಳಿದವರು ಸಾವಿರ ಮಂದಿ. ಅಂಗಿಯ ಒಳಗಿದ್ದವರಿಗೆ ಹಸಿವಾಗುತ್ತದೆಂದು ಕಂಡುಕೊಂಡವರು ಇವರು. ಸ್ವತಃ ಇವರಿಗೆ ಆ ಅಂಗಿ ತೊಟ್ಟು ಅಲ್ಲಿ ಹಾಡುವ ಅವಕಾಶ ಹೆಂಗಸೆಂಬ ಕಾರಣಕ್ಕೆ ಇರಲಿಲ್ಲ.

ಅಟ್ಟದ ಮೇಲೆ ಕಾಣದಂತೆ ಹಾಡುತ್ತಿದ್ದ ಹೆಂಗಸರಿಗೆ ಆದದ್ದೂ ಇದೇ. ಸರ್ಪ್ಲಿಸ್ ಮೂಲತಃ ಸಂನ್ಯಾಸಿಯ, ಪಾದ್ರಿಯ ಬಟ್ಟೆ. ಅದನ್ನು ತೊಟ್ಟು ವೇದಿಯ ಬಳಿ ಕೂರುವವರು ಅರ್ಧ ಪಾದ್ರಿಗಳಾದರು. ಹೆಂಗಸರು ಪಾದ್ರಿಗಳಾಗುವಂತಿಲ್ಲವಾದ್ದರಿಂದ ಹಾಡುವಂತೆಯೂ ಇಲ್ಲ ಎಂಬ ತರ್ಕ ಬೆಳೆಯಿತು. ಕೆಥೊಲಿಕರಲ್ಲಿ ಇದನ್ನು ಸ್ಪಷ್ಟವಾಗಿ ಬರೆದೇ ಇಟ್ಟರು. 1903ರ ನವೆಂಬರ್ 22ರಂದು ಪೋಪ್ ಹತ್ತನೆಯ ಪಯಸ್ ಸಂಗೀತವನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಗಾಯಕರದು ಧಾರ್ಮಿಕ ಅಧಿಕಾರಸ್ಥಾನವಾದ್ದರಿಂದ ಸ್ತ್ರೀಯರು ಗಾಯಕವೃಂದದಲ್ಲಿರಲಾಗದು ಎಂದಿದೆ. ಗಂಡಸರು ನಿಲುವಂಗಿ, ಸರ್ಪ್ಲಿಸ್ ತೊಟ್ಟಿರುವುದು ತಕ್ಕದ್ದು. ಜನರ ಕಣ್ಣಿಗೆ ಅತಿಯಾಗಿ ಬೀಳುವಂತಿದ್ದರೆ ಜಾಲಂಧ್ರದ ಹಿಂದೆ ಇರಬೇಕು ಎಂದೂ ಇದೆ. ಬಟ್ಟೆ, ನೋಟ, ಹೆಣ್ಣು ಮೂರೂ ಒಂದೇ ಕಡೆ. ನವೆಂಬರ್ 22 ಸಂಗೀತದ ಅಧಿದೇವತೆಯೆಂದು ಕೆಥೊಲಿಕರು ನಂಬುವ ಸಂತ ಸಿಸಿಲಿಯಾಳ ಹಬ್ಬದ ದಿನ. ಆಕೆ ಹೆಂಗಸೆಂಬುದನ್ನು ಆ ದಿನ ಯಾರೂ ನೆನಪು ಮಾಡಿದಂತೆ ಕಾಣುವುದಿಲ್ಲ. ಈ ಕಟ್ಟು 1955ರಲ್ಲಿ ಸಡಿಲವಾಗಿ 1967ರ ಹೊತ್ತಿಗೆ ಬಿಟ್ಟುಹೋಯಿತು. ಇಂಗ್ಲೆಂಡಿನ ಕೆಥೀಡ್ರಲ್‌ಗಳಲ್ಲಿ ಹುಡುಗಿಯರದೇ ಆದ ವೃಂದಕ್ಕೆ ಗಟ್ಟಿಯಾದ ನೆಲೆ ದೊರಕಿದ್ದು 1991ರಲ್ಲಿ, ಸಾಲ್ಸ್‌ಬರಿಯಲ್ಲಿ. ಹ್ಯಾಕೆಟ್ ಹೋರಾಡಿದ ಸೇಂಟ್ ಪಾಲ್ ಕೆಥೀಡ್ರಲಿನಲ್ಲಿ ಹುಡುಗಿಯರು ಪೂರ್ಣ ಗಾಯಕಿಯರಾಗಿ ಬಿಳಿಯ ಅಂಗಿ ತೊಟ್ಟದ್ದು 2024ರಲ್ಲಿ.

ನಮ್ಮ ಕಡೆಗೆ ಬರೋಣ. ಮುಂಬಯಿಯ ಕೋಟೆ ಭಾಗದಲ್ಲಿ 1718ರ ಕ್ರಿಸ್‌ಮಸ್ ದಿನ ತೆರೆದ ಸೇಂಟ್ ಥಾಮಸ್ ಇಗರ್ಜಿ 1837ರಲ್ಲಿ ಕೆಥೀಡ್ರಲ್ ಆಯಿತು. ಚರ್ಚ್‌ಗೇಟ್ ಎಂಬ ಹೆಸರು ಬಂದದ್ದು ಇದರಿಂದಲೇ. ಹಗಲು ಹೊಟೇಲಿನಲ್ಲಿ ದುಡಿದು ಕೋಟೆಯ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಈ ಕಟ್ಟಡದ ಮುಂದೆ ಎಷ್ಟು ಸಲ ಹಾದು ಹೋಗಿದ್ದಾರೋ! ಇದಕ್ಕೆ ಹಾಡುವ ಹುಡುಗರನ್ನು ಒದಗಿಸುವುದು 1860ರಲ್ಲಿ ಆರಂಭವಾದ ಕೆಥೀಡ್ರಲ್ ಶಾಲೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಈಗ ಕೆಥೀಡ್ರಲ್ ಆ್ಯಂಡ್ ಜಾನ್ ಕಾನನ್ ಶಾಲೆಯೆಂದು ಎಲ್ಲರಿಗೂ ಗೊತ್ತು. ತುಪ್ಪುಳದ ಮೇಲೆ ತೊಡಲೆಂದು ಹುಟ್ಟಿದ ಬಟ್ಟೆಯ ಹಾಡುಗಾರಿಕೆ ಹೀಗೆ ಮೇ ತಿಂಗಳ ಮುಂಬಯಿಯ ಬೆವರಿಗೆ ಬಂತು.

ಕನ್ನಡನಾಡಿನ ಕರಾವಳಿಯಲ್ಲಿ ಮಾತ್ರ ಬೇರೆಯೇ ಹಾದಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಸ್ವಿಟ್ಜರ್ಲೆಂಡು ಜರ್ಮನಿಗಳ ಸರಳ ಭಕ್ತಿಪಂಥದವರು. ಅವರಲ್ಲಿ ಹಾಡು ಬಿಳಿಯಂಗಿಯ ಕೆಲವರ ಸೊತ್ತಲ್ಲ. ಸಭೆಯವರೆಲ್ಲ ಕುಳಿತಲ್ಲಿಂದಲೇ ಹಾಡಬೇಕು. ಮೋಗ್ಲಿಂಗ್ ಮೊದಲಾದವರು ಜರ್ಮನ್ ಗೀತೆಗಳನ್ನು ಕನ್ನಡಕ್ಕೆ ತಂದರು. ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಹಾಡಿಗೆ ನಮ್ಮ ಉಡುಪು ತೊಡಿಸಿದರು ಎನ್ನಬಹುದು. ಬಟ್ಟೆಯೂ ಇವರಿಗೆ ವೇಷಕ್ಕಿಂತ ಮೊದಲು ಅನ್ನದ ಪ್ರಶ್ನೆ. ಮತ ಬದಲಿಸಿ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. 1851ರಲ್ಲಿ ಹಾಲರ್ ಎಂಬವರು ಮಂಗಳೂರಿನಲ್ಲಿ ಯುರೋಪಿನ ಮಗ್ಗಗಳ ನೇಯ್ಗೆ ಕಾರ್ಖಾನೆ ನಡೆಸತೊಡಗಿದರು. ಖಾಕಿ ಬಣ್ಣ ಅಲ್ಲಿ ಹುಟ್ಟಿತೆಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ವಾರವೆಲ್ಲ ನೇಯ್ದವರು ಭಾನುವಾರ ಒಗೆದ ಬಟ್ಟೆ ಉಟ್ಟು ಬಂದು ಹಾಡುತ್ತಿದ್ದರು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಸರ್ಪ್ಲಿಸ್‌ನವರೂ ಸರ್ಪ್ಲಿಸ್ ಇಲ್ಲದವರೂ ಒಂದೇ ಸೂರಿನಡಿ ಬಂದರು. ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷ ಬಗೆಹರಿಯದ ಜಗಳ ಇಲ್ಲಿ ಅಷ್ಟೇನೂ ಸದ್ದು ಮಾಡದೆ ಕರಗಿತು. ಪಾದ್ರಿಗಳ ಬಿಳಿಯ ನಿಲುವಂಗಿಯ ಮೇಲೆ ಕಾವಿಯ ಪಟ್ಟಿ ಬಂತು. ಗಾಯಕವೃಂದಗಳಲ್ಲಿ ಕೆಲವು ಕಡೆ ನಿಲುವಂಗಿ ಉಳಿದಿದೆ. ಬಹಳ ಕಡೆ ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು, ಗಂಡಸರು ಬಿಳಿಯ ಅಂಗಿ ತೊಟ್ಟು ಎದುರಿಗೇ ನಿಂತು ಹಾಡುತ್ತಾರೆ. ಮುಂಬಯಿಯ ನಮ್ಮ ಭಜನಾಮಂಡಳಿಗಳ ಮಹಿಳೆಯರೂ ಇದನ್ನೇ ಮಾಡುವುದನ್ನು ಓದುಗರು ಕಂಡಿದ್ದಾರೆ. ಒಂದೇ ಥಾನಿನಿಂದ ಕತ್ತರಿಸಿದ ಇಪ್ಪತ್ತು ಸೀರೆಗಳು, ಅಂಚಿನ ಬಣ್ಣದ ಮೇಲೆ ಎರಡು ವಾರದ ಚರ್ಚೆ, ಕೊನೆಗೆ ತಲೆಗಿಷ್ಟು ಎಂದು ವಂತಿಗೆ. ಕೊಡಲಾರದ ಒಬ್ಬಿಬ್ಬರ ಪಾಲನ್ನು ಯಾರೋ ಸದ್ದಿಲ್ಲದೆ ತುಂಬಿರುತ್ತಾರೆ. ಆ ಹೆಸರು ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.